ಭುಜದ ಟೆಂಡನ್ ಹೊಲಿಗೆ: ಆ್ಯಂಕರ್ ನಾಲ್ಕು ಬೇಕಾ? ದೋಟಿ ಹಿಡಿಯುವುದು ಯಾವಾಗ?

ಹೆಬ್ರಿ_ತೋಟ:
ಮಾವನಿಗೆ 58 ವರ್ಷ. ಬಲಭುಜದ ಎಂಆರ್‌ಐಯಲ್ಲಿ ಸುಪ್ರಾಸ್ಪೈನೇಟಸ್ ಟೆಂಡನ್ (ಕೈ ಎತ್ತುವ ಸ್ನಾಯುವನ್ನು ಎಲುಬಿಗೆ ಕೂಡಿಸುವ ಪಟ್ಟಿ) ಪೂರ್ತಿ ದಪ್ಪಕ್ಕೆ ಹರಿದಿದೆ, ಅಗಲ 2.5 ಸೆಂ.ಮೀ., ಸ್ನಾಯುವಿನಲ್ಲಿ ಕೊಬ್ಬು ಗ್ರೇಡ್ 2 ಅಂತ ಉಂಟು. ಶುಗರ್ ಇದೆ, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ) 8.6. ಉಡುಪಿಯಲ್ಲಿ ಕೀಹೋಲ್ ಆಪರೇಷನ್ ಹೇಳಿದ್ದಾರೆ. ಎಸ್ಟಿಮೇಟಿನಲ್ಲಿ ಆ್ಯಂಕರ್ (ಟೆಂಡನ್ನನ್ನು ಎಲುಬಿಗೆ ಕಟ್ಟುವ, ದಾರವಿರುವ ಪುಟ್ಟ ಮೊಳೆ) ನಾಲ್ಕು. ಅಷ್ಟು ಬೇಕಾ? ಕರಗುವಂಥದ್ದು ಒಳ್ಳೆಯದಾ, ಲೋಹದ್ದಾ? ಆಗಸ್ಟಿನಲ್ಲಿ ಮಾಡಿಸಿದರೆ ನವೆಂಬರ್ ಕೊಯ್ಲಿಗೆ ದೋಟಿ (ಕೊಯ್ಲಿನ ಉದ್ದ ಕೋಲು) ಹಿಡಿಯಲಿಕ್ಕೆ ಆದೀತಾ?

ಓಟಿ_ಟೇಬಲ್:
2.5 ಸೆಂ.ಮೀ.ಗೆ ನಾಲ್ಕು ಅಂದರೆ ಡಬಲ್ ರೋ, ಎರಡು ಸಾಲು ಆ್ಯಂಕರ್ ಹಾಕುವ ಲೆಕ್ಕ. ಎಲುಬಿನಲ್ಲಿ ಟೆಂಡನ್ ಕೂರುವ ಜಾಗವನ್ನು ಬರ್‌ನಿಂದ (ತಿರುಗುವ ಸಣ್ಣ ಉಪಕರಣ) ತೆಳುವಾಗಿ ಕೆರೆದು ರಕ್ತ ಒಸರುವಂತೆ ಮಾಡುತ್ತಾರೆ. ಕೀಲಿನ ಅಂಚಿಗೆ ಎರಡು ಆ್ಯಂಕರ್ ಕೂರಿಸಿ, ಅದರ ದಾರಗಳನ್ನು ಟೆಂಡನ್ನಿನೊಳಗೆ ಹಾಯಿಸಿ, ಹೊರಬದಿಗೆ ಎಳೆದು ಗಂಟಿಲ್ಲದ ಇನ್ನೆರಡು ಆ್ಯಂಕರಿನಲ್ಲಿ ಬಿಗಿಯುತ್ತಾರೆ. ದಾರಗಳು ಅಡ್ಡಡ್ಡ ಹಾಯ್ದು ಟೆಂಡನ್ನನ್ನು ಎಲುಬಿಗೆ ಒತ್ತಿ ಹಿಡಿಯುತ್ತವೆ. ಸಿಂಗಲ್ ರೋ ಆದರೆ ಎರಡೋ ಮೂರೋ ಸಾಕು. ಇಷ್ಟು ಅಗಲ ಹರಿದಿದ್ದರೆ ನೋವು, ಚಲನೆಯ ಮಟ್ಟಿಗೆ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, 3 ಸೆಂ.ಮೀ. ದಾಟಿದರೆ ಡಬಲ್ ರೋ ಪರವಾಗಿ ಮಾತಾಡಬಹುದು. ಕ್ಯಾಮೆರಾ ಒಳಗೆ ಹೋದ ಮೇಲೆ ಹರಿದ ಜಾಗ ರಿಪೋರ್ಟಿಗಿಂತ ದೊಡ್ಡದಾಗಿ ಕಾಣುವುದೂ ಉಂಟು. ಹಾಗಾಗಿ ಎಸ್ಟಿಮೇಟಿನ ನಾಲ್ಕರಲ್ಲಿ ತಪ್ಪು ಹುಡುಕಬೇಡಿ, ಬಳಸಿದ್ದು ಎಷ್ಟು ಅಂತ ಮಾತ್ರ ನೋಡಿ. ಪ್ರತಿ ಆ್ಯಂಕರಿನ ಪ್ಯಾಕೆಟ್ ಸ್ಟಿಕ್ಕರ್ ಕೇಸ್ ಶೀಟಿನಲ್ಲಿ ಅಂಟಿಸಿರುತ್ತಾರೆ, ಅದರ ನಕಲು ಕೇಳಿ ಇಟ್ಟುಕೊಳ್ಳಿ.

ಲೋಹವಾ ಕರಗುವುದಾ ಅನ್ನುವ ಚರ್ಚೆಗೆ ಇಲ್ಲಿ ಅಷ್ಟು ತೂಕವಿಲ್ಲ. ಟೈಟಾನಿಯಂ ಗಟ್ಟಿ, ಆದರೆ ಮುಂದೆ ಎಂಆರ್‌ಐ ತೆಗೆದರೆ ಆ ಜಾಗ ಕಲಸಿದಂತೆ ಕಾಣುತ್ತದೆ. ಪೀಕ್ ಪ್ಲಾಸ್ಟಿಕ್ ಕರಗುವುದಿಲ್ಲ, ಚಿತ್ರ ಕೆಡಿಸುವುದೂ ಇಲ್ಲ. ಕರಗುವಂಥದ್ದರ ಸುತ್ತ ಕೆಲವೊಮ್ಮೆ ಎಲುಬಿನಲ್ಲಿ ಗುಳಿ ಬೀಳುತ್ತದೆ. ಎಲುಬು ಟೊಳ್ಳಾಗಿದ್ದರೆ ಆ್ಯಂಕರ್ ಕಿತ್ತು ಬರಬಹುದು ನಿಜ. ಆದರೆ ಹೆಚ್ಚಾಗಿ ಸೋಲುವುದು ಟೆಂಡನ್: ದಾರ ಅದನ್ನೇ ಕೊಯ್ದುಕೊಂಡು ಹೊರಬರುತ್ತದೆ.

ಫಿಸಿಯೋ_ಮಣಿಪಾಲ:
ನವೆಂಬರ್ ಕೊಯ್ಲು ಬಿಟ್ಟುಬಿಡಿ ಮಾರಾಯ್ರೆ.

6 ವಾರ ದಿಂಬಿರುವ ಸ್ಲಿಂಗ್, ಮಲಗುವಾಗಲೂ. ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕೂತು ಮಲಗಿದರೆ ನೋವು ಕಡಿಮೆ. ಬೆರಳು, ಮಣಿಕಟ್ಟು, ಮೊಣಕೈ ಮಾತ್ರ ಮೊದಲ ದಿನದಿಂದ ಆಡಿಸಬೇಕು. ಭುಜವನ್ನು ಬೇರೆಯವರು ಎತ್ತಬೇಕು, ಅವರಾಗಿ ಎತ್ತುವಂತಿಲ್ಲ. ಬಾಗಿಲಿಗೆ ಕಟ್ಟುವ ರಾಟೆ ಈ ಹಂತದಲ್ಲಿ ಬೇಡ, ಗೊತ್ತಿಲ್ಲದೆ ಅದೇ ಸ್ನಾಯು ಕೆಲಸ ಮಾಡುತ್ತದೆ. ಅಂಗಿ ಹಾಕುವಾಗ ಆಪರೇಷನ್ ಆದ ಕೈ ಮೊದಲು, ತೆಗೆಯುವಾಗ ಕೊನೆಗೆ. ಮಳೆಗಾಲದಲ್ಲಿ ಕಂಕುಳು ಬೆವತು ಹುಣ್ಣಾಗುತ್ತದೆ: ಮುಂದಕ್ಕೆ ಬಾಗಿ ಕೈ ಸಡಿಲವಾಗಿ ಇಳಿಬಿಟ್ಟರೆ ಸಂದು ತೆರೆಯುತ್ತದೆ, ಒರೆಸಿ ಒಣಗಿಸಿ. ಸ್ಲಿಂಗ್ ಎರಡಿದ್ದರೆ ಒಳ್ಳೆಯದು, ಒಂದು ಒಣಗುವಾಗ ಇನ್ನೊಂದು.

6 ವಾರದ ನಂತರ ಸ್ವಂತ ಚಲನೆ, 12 ವಾರದ ನಂತರ ಬಲದ ವ್ಯಾಯಾಮ. ಕೈ ಬೆನ್ನ ಹಿಂದೆ ಒಯ್ಯುವ ಅವಸರ ಬೇಡ. ಅಪಾಯ ಬರುವುದು ನಡುವಿನ ಆ 6 ವಾರಗಳಲ್ಲೇ. ನೋವು ಹೋಗಿರುತ್ತದೆ, ಹೊಲಿಗೆ ಇನ್ನೂ ಎಲುಬಿಗೆ ಗಟ್ಟಿಯಾಗಿ ಕೂಡಿರುವುದಿಲ್ಲ. ಬಾವಿಯಿಂದ ಒಂದು ಕೊಡಪಾನ ನೀರು ಸೇದಿದರೂ ಸಾಕು, ಹೊಲಿಗೆ ಬಿಟ್ಟೀತು.

ದೋಟಿಗೆ 6 ತಿಂಗಳು ಕಳೆಯಲಿ. ಕಾರ್ಬನ್ ಫೈಬರ್ ದೋಟಿ ಹಗುರ ಅನ್ನುವ ಸಮಾಧಾನ ಬೇಡ. ತಲೆಗಿಂತ ಮೇಲೆ ಕೈ ಎತ್ತಿ ಅಷ್ಟು ಉದ್ದದ ಕೋಲನ್ನು ನಿಭಾಯಿಸುವಾಗ ಭಾರ ಬೀಳುವುದು ಇದೇ ಟೆಂಡನ್ನಿಗೆ.

ಮತ್ತಿನ_ಸೂಜಿ:
8.6ಕ್ಕೆ ಹೆಚ್ಚಿನವರು ಆಪರೇಷನ್ ಮುಂದೂಡುತ್ತಾರೆ. ಸೋಂಕು, ಹೊಲಿಗೆ ಕೂಡದಿರುವುದು, ಭುಜ ಬಿಗಿದುಕೊಳ್ಳುವುದು, ಮೂರೂ ಶುಗರ್ ಇದ್ದವರಲ್ಲಿ ಜಾಸ್ತಿ. ಬೀಡಿ ಇದ್ದರೆ ಅದೂ ನಿಲ್ಲಬೇಕು. ಕುತ್ತಿಗೆಯ ಬದಿಗೆ ನರದ ಬ್ಲಾಕ್ (ಭುಜ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟರೆ ಆ ಬದಿಯ ವಪೆಯೂ (ಉಸಿರಾಟದ ಸ್ನಾಯು) ಕೆಲ ಗಂಟೆ ಮಂಕಾಗುತ್ತದೆ, ದಮ್ಮಿನ ತೊಂದರೆ ಇದ್ದರೆ ಮೊದಲೇ ಹೇಳಿ. ಬ್ಲಾಕ್ ಇಳಿಯುವುದು ಸಾಮಾನ್ಯವಾಗಿ ರಾತ್ರಿ. ಇಳಿಯುವ ಮೊದಲೇ ಕೊಟ್ಟ ನೋವಿನ ಮಾತ್ರೆ ಹೊಟ್ಟೆಯಲ್ಲಿರಬೇಕು.

ಒಂದು ಪ್ರಶ್ನೆ: ಬಿದ್ದು ಒಮ್ಮೆಲೇ ಹರಿದದ್ದಾ, ನಿಧಾನಕ್ಕೆ ಸವೆದದ್ದಾ?

ಹೆಬ್ರಿ_ತೋಟ:
ಬಿದ್ದದ್ದಿಲ್ಲ. ವರ್ಷದಿಂದ ರಾತ್ರಿ ನೋವು ಇತ್ತು, ಈಗ ಕೈ ಎತ್ತಲಿಕ್ಕೇ ಕಷ್ಟ.

ಓಟಿ_ಟೇಬಲ್:
ಹಾಗಾದರೆ ಶುಗರ್ ಇಳಿಸಲಿಕ್ಕೆ ಎರಡು ತಿಂಗಳು ಕಾಯಬಹುದು. ಬಿದ್ದು ಹರಿದದ್ದಾದರೆ ಹೀಗೆ ಹೇಳುತ್ತಿರಲಿಲ್ಲ. ಆದರೆ ಆ ನೆಪದಲ್ಲಿ ಈ ಕೊಯ್ಲು ಮುಗಿಸಿಬಿಡುವಾ ಅಂತ ಹೊರಡಬೇಡಿ. ಹರಿದ ಜಾಗ ಅಗಲವಾಗಿ ಕೊಬ್ಬು ಗ್ರೇಡ್ 3ಕ್ಕೆ ಹೋದರೆ ಹೊಲಿದರೂ ಹಿಡಿಯುವ ಭರವಸೆ ಕಡಿಮೆ, ಮತ್ತು ಆ ಕೊಬ್ಬು ಆಪರೇಷನ್ ಆದ ಮೇಲೂ ಹಿಂದಕ್ಕೆ ಹೋಗುವುದಿಲ್ಲ. ಆಪರೇಷನ್ನಿಗೆ ಮುಂಚಿನ ತಿಂಗಳಲ್ಲಿ ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಬೇಡಿ. ಸೋಂಕಿನ ಭಯ, ಶುಗರೂ ಏರುತ್ತದೆ.