ಪದಚರ್ಚೆ: ಚಿತ್ರ ತೋರಿಸಿದವರಿಗೆ ಹೇಳುವ ಮಾತು ಅಭಿಪ್ರಾಯವೇ, ಟೀಕೆಯೇ, ವಿಮರ್ಶೆಯೇ?

ಮಾನ್ಯರೇ,

ಹವ್ಯಾಸಕ್ಕಾಗಿ ಛಾಯಾಚಿತ್ರ ತೆಗೆಯುವವರು ತಮ್ಮ ಚಿತ್ರವನ್ನು ಇನ್ನೊಬ್ಬರ ಮುಂದಿಟ್ಟು ‘ಹೇಗಿದೆ?’ ಎಂದು ಕೇಳುತ್ತಾರೆ. ಆ ಇನ್ನೊಬ್ಬರು ಚಿತ್ರವನ್ನು ನಿಧಾನವಾಗಿ ನೋಡಿ, ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಕಾರಣಸಮೇತ ತಿಳಿಸುವ ಮಾತಿಗೆ ಕನ್ನಡದಲ್ಲಿ ಯಾವ ಹೆಸರು ಒಪ್ಪುತ್ತದೆ ಎಂಬುದು ಈ ಪತ್ರದ ಪ್ರಶ್ನೆ. ಹವ್ಯಾಸಿಗಳಿಗಾಗಿ ಬರೆದ ಒಂದು ಸಣ್ಣ ಕೈಪಿಡಿಯ ಕರಡನ್ನು ತಿದ್ದುವ ಕೆಲಸ ಸದ್ಯ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಈ ಒಂದೇ ಸಂಗತಿಯನ್ನು ಒಂದು ಪುಟದಲ್ಲಿ ‘ಪ್ರತಿಕ್ರಿಯೆ’ ಎಂದೂ ಮುಂದಿನ ಪುಟದಲ್ಲಿ ‘ಟೀಕೆ’ ಎಂದೂ ಬೇರೊಂದು ಕಡೆ ‘ಹಿಮ್ಮಾಹಿತಿ’ (ಫೀಡ್‌ಬ್ಯಾಕ್) ಎಂದೂ ಕರೆಯಲಾಗಿದೆ. ಬರೆದವರಿಗೆ ಈ ಪದಗಳ ನಡುವೆ ವ್ಯತ್ಯಾಸವಿರಲಿಲ್ಲ. ಓದುವವರಿಗೆ ಇದ್ದೇ ಇರುತ್ತದೆ.

‘ಪ್ರತಿಕ್ರಿಯೆ’ಯನ್ನು ಬೇಗ ಬದಿಗಿಡಬಹುದು. ಚಿತ್ರ ಕಂಡೊಡನೆ ‘ಅಬ್ಬಾ’ ಎನ್ನುವುದೂ ಪ್ರತಿಕ್ರಿಯೆಯೇ, ಮುಖ ತಿರುಗಿಸುವುದೂ ಪ್ರತಿಕ್ರಿಯೆಯೇ. ನೋಡಿ ಯೋಚಿಸಿದ್ದಕ್ಕೆ ಅದರಲ್ಲಿ ಗುರುತಿಲ್ಲ. ‘ಹಿಮ್ಮಾಹಿತಿ’ ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ನೆಲೆಯೂರಿರುವ ಪದ. ವಿದ್ಯುತ್ ಮಂಡಲದಿಂದ ಹೊರಬಂದ ಸಂಕೇತದ ಒಂದು ಪಾಲನ್ನು ಹಿಂದಕ್ಕೆ ತಂದು ಮತ್ತೆ ಒಳಕ್ಕೆ ಕೊಡುವ ಕ್ರಮದಿಂದ ಬಂದ ಕಲ್ಪನೆಗೆ ಅದು ನಿಷ್ಠವಾಗಿಯೇ ಇದೆ. ಪ್ರಸಂಗವಶಾತ್ ಒಂದು ಮಾತು: ಎಂಜಿನಿಯರುಗಳ ಲೆಕ್ಕದಲ್ಲಿ ಋಣ (ನೆಗೆಟಿವ್) ಹಿಮ್ಮಾಹಿತಿಯೆಂಬುದು, ಅಂದರೆ ಆ ಪಾಲನ್ನು ಮೂಲ ಸಂಕೇತಕ್ಕೆ ವಿರುದ್ಧವಾಗಿ ಕೊಡುವುದು, ಬೇಕಾದ ವಸ್ತು. 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರು ದೂರವಾಣಿ ಸಂಕೇತವನ್ನು ಹಿಗ್ಗಿಸುವ ವರ್ಧಕ ಮಂಡಲಗಳ ವಿಕೃತಿಯನ್ನು ತಗ್ಗಿಸಿದ್ದೇ ಅದರಿಂದ. ಆಡುಮಾತಿಗೆ ಬರುವಷ್ಟರಲ್ಲಿ ಅದೇ ಪದ ಎಲ್ಲರೂ ಹೆದರುವ ವಸ್ತುವಾಯಿತು. ಅದೇನೇ ಇದ್ದರೂ ‘ನಿಮ್ಮ ಚಿತ್ರಕ್ಕೆ ನನ್ನ ಹಿಮ್ಮಾಹಿತಿ’ ಎಂದು ಬಾಯಿಬಿಟ್ಟು ಹೇಳಿದವರನ್ನು ನಾನಂತೂ ಕಂಡಿಲ್ಲ. ‘ಷರಾ’ ಎಂಬ ಕಚೇರಿಯ ಪದವನ್ನೂ ಒಬ್ಬರು ಸೂಚಿಸಿದರು. ಚುಟುಕಾಗಿರುವುದು ಅದರ ಗುಣ. ಕಡತದ ಮೇಲೆ ಮೇಲಧಿಕಾರಿ ಬರೆದಂತೆ ಕೇಳಿಸುವುದು ಅದರ ದೋಷ.

‘ಟೀಕೆ’ಯ ಕಥೆ ಬೇರೆ. ಸಂಸ್ಕೃತದಲ್ಲಿಯೂ ನಮ್ಮ ಹಳೆಯ ಬರವಣಿಗೆಯಲ್ಲಿಯೂ ಟೀಕೆ ಎಂದರೆ ಮೂಲವನ್ನು ಬಿಡಿಸಿ ತಿಳಿಸುವ ವ್ಯಾಖ್ಯಾನ. ಹದಿನಾಲ್ಕನೆಯ ಶತಮಾನದ ಜಯತೀರ್ಥರನ್ನು ಟೀಕಾಚಾರ್ಯರೆಂದು ಕರೆದದ್ದು ಅವರು ಮಧ್ವಾಚಾರ್ಯರ ಗ್ರಂಥಗಳಿಗೆ ವ್ಯಾಖ್ಯಾನ ಬರೆದರೆಂಬ ಗೌರವದಿಂದಲೇ ಹೊರತು ಯಾರನ್ನೋ ತೆಗಳಿದರೆಂದಲ್ಲ. ಇಂದು ಅದೇ ಪದ ಪತ್ರಿಕೆಯ ತಲೆಬರಹದಲ್ಲಿ ಬಂದರೆ ಖಂಡನೆ ಎಂದಲ್ಲದೆ ಬೇರೆ ಅರ್ಥ ಹೊಳೆಯುವುದಿಲ್ಲ. ಹಳೆಯ ಅರ್ಥವನ್ನು ಮರಳಿ ತರೋಣ ಎನ್ನುವವರ ಉತ್ಸಾಹವನ್ನು ನಾನು ಗೌರವಿಸುತ್ತೇನೆ. ಆದರೆ ಮೊದಲ ಸಲ ತನ್ನ ಚಿತ್ರ ತೋರಿಸುತ್ತಿರುವವನ ಮೇಲೆ ಆ ಪ್ರಯೋಗ ಮಾಡುವುದು ಬೇಡ.

ಉಳಿದದ್ದು ‘ಅಭಿಪ್ರಾಯ’, ‘ಅನಿಸಿಕೆ’, ‘ವಿಮರ್ಶೆ’. ಅಭಿಪ್ರಾಯ ಎಲ್ಲಕ್ಕೂ ಒಗ್ಗುತ್ತದೆ, ಆದ್ದರಿಂದಲೇ ಯಾವುದನ್ನೂ ಗಟ್ಟಿಯಾಗಿ ಕೇಳುವುದಿಲ್ಲ: ‘ಅಭಿಪ್ರಾಯ ತಿಳಿಸಿ’ ಎಂದು ಚಿತ್ರದ ಕೆಳಗೆ ಬರೆದರೆ ಬರುವ ಉತ್ತರ ‘ಸೂಪರ್’. ‘ಅನಿಸಿಕೆ’ ನನಗೆ ಪ್ರಿಯವಾದ ಪದ. ನೋಡಿದವರಿಗೆ ಹಾಗೆ ಅನಿಸಿತು, ಚಿತ್ರದ ಮೇಲೆ ಕೊಟ್ಟ ತೀರ್ಪು ಇದಲ್ಲ ಎಂಬ ವಿನಯ ಅದರ ರಚನೆಯಲ್ಲೇ ಇದೆ. ಕೊರತೆಯೆಂದರೆ, ಅನಿಸಿದ್ದಕ್ಕೆ ಕಾರಣ ಹೇಳಬೇಕೆಂಬ ಹೊಣೆ ಅದಕ್ಕಿಲ್ಲ. ‘ವಿಮರ್ಶೆ’ಗೆ ಆ ಹೊಣೆ ಉಂಟು. ಅದರ ಮೂಲಧಾತುವಿಗೆ ಮುಟ್ಟು, ಸವರು ಎಂಬ ಅರ್ಥ; ಮುಟ್ಟಿ ನೋಡಿ ತಿಳಿಯುವುದೆಂಬ ಭಾವದಿಂದಲೇ ಅದು ಆಲೋಚನೆ ಎಂಬ ಅರ್ಥಕ್ಕೆ ಬೆಳೆದಿದೆ. ಕಾಶ್ಮೀರ ಶೈವದ ಪರಿಭಾಷೆಯಲ್ಲಿ ‘ಪ್ರಕಾಶ’ ಮತ್ತು ‘ವಿಮರ್ಶ’ ಜೋಡಿಪದಗಳು: ಬೆಳಗುವುದು ಒಂದು, ಬೆಳಗಿದ್ದನ್ನು ಅರಿತುಕೊಳ್ಳುವುದು ಇನ್ನೊಂದು. ಬೆಳಕಿನಿಂದಲೇ ಹುಟ್ಟುವ ಕಲೆಗೆ ಇದಕ್ಕಿಂತ ಒಪ್ಪುವ ಪದ ಬೇಕಿಲ್ಲ. ಆದರೂ ಸಾಹಿತ್ಯವಿಮರ್ಶೆಯ ನಂಟಿನಿಂದ ಅದಕ್ಕೆ ಒಂದು ಭಾರ ಬಂದಿರುವುದು ನಿಜ; ತಾನು ತೆಗೆದ ಗುಬ್ಬಚ್ಚಿಯ ಚಿತ್ರಕ್ಕೆ ವಿಮರ್ಶೆ ಬೇಕೆಂದು ಕೇಳಲು ಹವ್ಯಾಸಿ ಸಂಕೋಚಪಡುತ್ತಾನೆ.

ಆದರೆ ಕರಡನ್ನು ತಿದ್ದುತ್ತ ಹೋದಂತೆ ನನಗೆ ಸ್ಪಷ್ಟವಾದದ್ದು, ಕಷ್ಟವಿರುವುದು ನಾಮಪದದಲ್ಲಿ ಅಷ್ಟಾಗಿ ಅಲ್ಲ, ಕ್ರಿಯಾಪದದಲ್ಲಿ ಮತ್ತು ವಿಭಕ್ತಿಯಲ್ಲಿ ಎಂಬುದು. ‘ನೀವು ಹಿನ್ನೆಲೆಯನ್ನು ನೋಡಿಕೊಳ್ಳಬೇಕಿತ್ತು’ ಎಂಬ ವಾಕ್ಯವನ್ನೂ ‘ಹಿನ್ನೆಲೆಯ ಕಂಬ ತಲೆಯಿಂದಲೇ ಎದ್ದಂತೆ ನನಗೆ ಕಾಣಿಸಿತು’ ಎಂಬ ವಾಕ್ಯವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ದೋಷವನ್ನು ಹೇಳುತ್ತವೆ. ಮೊದಲನೆಯದರಲ್ಲಿ ಕರ್ತೃ ‘ನೀವು’, ಕ್ರಿಯೆಯ ಕೊನೆಗೆ ‘ಬೇಕಿತ್ತು’. ಅದು ಕಳೆದುಹೋದ ಕರ್ತವ್ಯವೊಂದನ್ನು ನೆನಪಿಸುತ್ತದೆ, ಕೇಳಿದವನು ಸಮರ್ಥನೆಗೆ ಇಳಿಯುತ್ತಾನೆ. ಎರಡನೆಯದರಲ್ಲಿ ನೋಡಿದವನು ಚತುರ್ಥಿಯಲ್ಲಿ ಬದಿಗೆ ನಿಂತಿದ್ದಾನೆ, ಚಿತ್ರದೊಳಗಿನ ವಸ್ತುವೇ ಕರ್ತೃಸ್ಥಾನಕ್ಕೆ ಬಂದಿದೆ, ದೋಷ ಎಲ್ಲಿದೆ ಎಂಬುದೂ ತಿಳಿದಿದೆ. ‘ನನಗೆ ಕಾಣಿಸಿತು’, ‘ನನಗೆ ಅನಿಸಿತು’, ‘ಕಣ್ಣು ಮೊದಲು ಅಲ್ಲಿಗೆ ಹಾಯಿತು’, ‘ಆ ಬಿಳಿ ಅಂಗಿ ಕಣ್ಣಿಗೆ ರಾಚುತ್ತದೆ’ ಎಂಬ ಮಾತುಗಳನ್ನು ನಮ್ಮ ಭಾಷೆ ಮೊದಲೇ ಮಾಡಿಟ್ಟಿದೆ. ಮೆದುವಾಗಿ ಹೇಳುವುದಕ್ಕೆ ಹೊಸ ಪರಿಭಾಷೆಯೇನೂ ಬೇಡ. ‘ಬೇಕಿತ್ತು’ವಿನ ಜಾಗಕ್ಕೆ ‘ಬಹುದಿತ್ತು’ ಬಂದರೂ ಮಾತಿನ ಹದ ಎಷ್ಟೋ ಬದಲಾಗುತ್ತದೆ. ಬರಿಯ ಮೆದುಮಾತು ಸಾಕೆಂದು ನನ್ನ ವಾದವಲ್ಲ. ‘ತುಂಬಾ ಚೆನ್ನಾಗಿದೆ, ಆದರೆ’ ಎಂದು ಆರಂಭವಾಗುವ ವಾಕ್ಯದಲ್ಲಿ ‘ಆದರೆ’ಯ ಹಿಂದಿನದನ್ನು ಯಾರೂ ನಂಬುವುದಿಲ್ಲ.

ಕಲಾವಿಮರ್ಶೆಯನ್ನು ಕಲಿಸುವವರಲ್ಲಿ ಎಡ್ಮಂಡ್ ಬರ್ಕ್ ಫೆಲ್ಡ್‌ಮನ್ ಅವರ ಕ್ರಮ ಬಹಳ ಬಳಕೆಯಲ್ಲಿದೆ: ಮೊದಲು ವರ್ಣನೆ, ಬಳಿಕ ವಿಶ್ಲೇಷಣೆ, ಆಮೇಲೆ ಅರ್ಥವಿವರಣೆ, ಕಡೆಗೆ ಮೌಲ್ಯನಿರ್ಣಯ. ಹವ್ಯಾಸಿಗಳ ನಡುವೆ ಬಹುಪಾಲು ಮಾತು ನಾಲ್ಕನೆಯ ಮೆಟ್ಟಿಲಿನಿಂದಲೇ ಶುರುವಾಗುತ್ತದೆ. ಮೊದಲ ಮೆಟ್ಟಿಲಿನ ಕೆಲಸವನ್ನು, ಅಂದರೆ ಚಿತ್ರದಲ್ಲಿ ಏನಿದೆ ಎಂದು ಸುಮ್ಮನೆ ಹೇಳುವುದನ್ನು, ಕನ್ನಡದಲ್ಲಿ ನಿಖರವಾಗಿ ಮಾಡಹೊರಟಾಗ ಕೆಲವು ಪದಗಳು ಕಾಲಿಗೆ ತೊಡರುತ್ತವೆ. ಚರ್ಚೆ ಹೆಚ್ಚು ಬೇಕಾದದ್ದು ಇಲ್ಲಿ.

‘ಮಸುಕಾಗಿದೆ’ ಎಂಬುದನ್ನೇ ತೆಗೆದುಕೊಳ್ಳಿ. ಕೈ ಅಲುಗಿದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಾಗುತ್ತದೆ. ವಸ್ತು ಚಲಿಸಿದರೆ ವಸ್ತು ಮಾತ್ರ ಎಳೆದಂತಾಗಿ, ಅದರ ಹಿಂದಿನ ಗೋಡೆ ಸ್ಪಷ್ಟವಾಗಿ ಉಳಿಯುತ್ತದೆ. ಫೋಕಸ್ ತಪ್ಪಿದರೆ ಯಾವುದಕ್ಕೂ ಎಳೆತವಿಲ್ಲ, ಕಣ್ಣಿನ ಬದಲು ಕಿವಿಯೋ ಹಿಂದಿನ ಎಲೆಯೋ ಚುರುಕಾಗಿ ಮೂಡಿರುತ್ತದೆ. ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ತ್ರಿಪಾದಿ, ಇಲ್ಲವೇ ಮಸೂರದ ಸಂಗಮದೂರ (ಫೋಕಲ್ ಲೆಂಗ್ತ್) 200 ಮಿ.ಮೀ. ಇದ್ದರೆ ಷಟರ್ ವೇಗವನ್ನು ಸೆಕೆಂಡಿನ 1/200ಕ್ಕಿಂತ ಕೆಳಗಿಳಿಸಬಾರದೆಂಬ 35 ಮಿ.ಮೀ. ಫಿಲ್ಮಿನ ಕಾಲದ ರೂಢಿಯ ಲೆಕ್ಕ ಸಾಕಾಗಬಹುದು. ಓಡುವ ಮಗುವಿಗೆ ತ್ರಿಪಾದಿಯಿಂದ ಏನೂ ಆಗದು, ಷಟರ್ ವೇಗವನ್ನೇ ಏರಿಸಬೇಕು. ಮೂರನೆಯದಕ್ಕೆ ಫೋಕಸ್ ಬಿಂದುವನ್ನು ಸರಿಸಬೇಕು, ಇಲ್ಲವೇ ಅಪರ್ಚರ್ (ಮಸೂರದಲ್ಲಿ ಬೆಳಕು ಹಾಯುವ ಕಿಂಡಿ) ಕಿರಿದು ಮಾಡಬೇಕು. ಮೂರನ್ನೂ ‘ಮಸುಕು’ ಎಂದು ಕರೆದ ವಿಮರ್ಶೆಯಿಂದ ತೆಗೆದವನಿಗೆ ಯಾವ ಪ್ರಯೋಜನವೂ ಇಲ್ಲ. ‘ಅಲುಗಿದೆ’, ‘ಸರಿದಿದೆ’, ‘ಫೋಕಸ್ ತಪ್ಪಿದೆ’ ಎಂದು ಮೂರು ಮಾತನ್ನು ನಾನು ಕರಡಿನಲ್ಲಿ ಹಾಕಿದ್ದೇನೆ; ‘ಸರಿದಿದೆ’ ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ.

‘ಬರ್ನ್’ ಇನ್ನೂ ತೊಡಕಿನದು. ಡಾರ್ಕ್‌ರೂಮಿನಲ್ಲಿ ನೆಗೆಟಿವ್‌ನಿಂದ ಕಾಗದದ ಮೇಲೆ ಚಿತ್ರ ಮೂಡಿಸುವಾಗ ಒಂದು ಭಾಗಕ್ಕೆ ಮಾತ್ರ ಹೆಚ್ಚು ಹೊತ್ತು ಬೆಳಕು ಬಿಟ್ಟು ಅದನ್ನು ಕಪ್ಪಾಗಿಸುವುದಕ್ಕೆ ಬರ್ನ್ ಮಾಡುವುದೆಂದು ಹೆಸರು, ಇಂದಿನ ತಂತ್ರಾಂಶಗಳಲ್ಲೂ ಆ ಹೆಸರಿನ ಸಾಧನ ಕಪ್ಪಾಗಿಸುವುದನ್ನೇ ಮಾಡುತ್ತದೆ. ಆದರೆ ‘ಆಕಾಶ ಬರ್ನ್ ಆಗಿದೆ’ ಎಂದರೆ ಬೆಳಕು ಮಿತಿಮೀರಿ ಆ ಭಾಗ ವಿವರವೇ ಇಲ್ಲದ ಬಿಳಿಯಾಗಿದೆ ಎಂದರ್ಥ. ಎರಡನ್ನೂ ‘ಸುಟ್ಟಿದೆ’, ‘ಸುಡಿ’ ಎಂದು ಕನ್ನಡಿಸಿದರೆ ಒಂದೇ ಧಾತು ಬಿಳುಪಿಗೂ ಕಪ್ಪಿಗೂ ಹೆಸರಾಗುತ್ತದೆ. ‘ಆಕಾಶ ಬಿಳಿಚಿಕೊಂಡಿದೆ’ ಎಂಬುದು ಇಲ್ಲಿ ಚೆನ್ನಾಗಿ ಕೂರುತ್ತದೆ ಎಂದು ನನ್ನ ಎಣಿಕೆ. ಜೆಪೆಗ್ ಕಡತದಲ್ಲಿ ಕೆಂಪು, ಹಸಿರು, ನೀಲಿ ಮೂರರ ಮೌಲ್ಯವೂ ಗರಿಷ್ಠವಾದ 255ಕ್ಕೆ ಮುಟ್ಟಿದ ಕಡೆ ಮೋಡದ ವಿವರವನ್ನು ಯಾರೂ ಮರಳಿ ತರಲಾರರು. ಕ್ಯಾಮೆರಾ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಇಟ್ಟ ರಾ ಕಡತವಿದ್ದರೆ ಸ್ವಲ್ಪಮಟ್ಟಿಗೆ ಸಾಧ್ಯ, ಆದ್ದರಿಂದ ‘ಬಿಳಿಚಿಕೊಂಡಿದೆ’ ಎಂದವರು ಕಡತ ಯಾವುದೆಂದೂ ಕೇಳುವುದು ಒಳ್ಳೆಯದು.

‘ಛಾಯೆ’ಗೆ ನೆರಳೂ ಅರ್ಥ, ಬಣ್ಣದ ಲೇಪವೂ ಅರ್ಥ. ‘ಮುಖದ ಮೇಲೆ ಛಾಯೆ ಹೆಚ್ಚಾಗಿದೆ’ ಎಂದಾಗ ಒಬ್ಬರು ದೀಪವನ್ನು ಸರಿಸುತ್ತಾರೆ, ಇನ್ನೊಬ್ಬರು ಬಣ್ಣಗಳನ್ನು ಹದಗೊಳಿಸುವ ವೈಟ್ ಬ್ಯಾಲೆನ್ಸ್ ಬದಲಿಸುತ್ತಾರೆ. ಕತ್ತಲಿಗೆ ‘ನೆರಳು’, ಬಣ್ಣಕ್ಕೆ ‘ಹಳದಿ ಛಾಯೆ’, ‘ನೀಲಿ ಛಾಯೆ’ ಎಂದು ಬೇರ್ಪಡಿಸಿಕೊಂಡರೆ ಸಾಕು. ‘ತೆಗೆ’ ಎಂಬ ಧಾತುವಂತೂ ನಗು ಬರಿಸುತ್ತದೆ: ಚಿತ್ರ ತೆಗೆಯುವುದೂ ಅದರಿಂದಲೇ, ಕಸ ತೆಗೆಯುವುದೂ ಅದರಿಂದಲೇ. ‘ಎಡಬದಿಯ ಮರವನ್ನೂ ತೆಗೆಯಬಹುದಿತ್ತು’ ಎಂದು ಒಬ್ಬರು ಬರೆದರೆ, ಮರವನ್ನು ಚೌಕಟ್ಟಿನೊಳಗೆ ಸೇರಿಸಬೇಕಿತ್ತೋ ಅಳಿಸಬೇಕಿತ್ತೋ ದೇವರೇ ಬಲ್ಲ. ‘ಸೇರಿಸು’, ‘ಬಿಡು’, ‘ಅಳಿಸು’ ಎಂದು ಬಿಡಿಸಿ ಬರೆಯುವುದೇ ಕ್ಷೇಮ.

‘ನಿಯಮ’ ಎಂಬ ಪದದ ಬಗ್ಗೆಯೂ ನನಗೊಂದು ತಕರಾರು ಇದೆ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ ಮುಖ್ಯ ವಸ್ತುವನ್ನು ಆ ಗೆರೆಗಳ ಮೇಲೆ ಇಡುವುದನ್ನು ಕರಡು ‘ಮೂರರಲ್ಲೊಂದರ ನಿಯಮ’ ಎನ್ನುತ್ತದೆ, ವಸ್ತು ನಡುವೆ ಇದ್ದರೆ ‘ನಿಯಮ ಉಲ್ಲಂಘನೆ’ ಎನ್ನುತ್ತದೆ. ಈ ಹೆಸರನ್ನು 1797ರಲ್ಲಿ ಬರೆಹಕ್ಕೆ ತಂದ ಜಾನ್ ಥಾಮಸ್ ಸ್ಮಿತ್ ಹೇಳುತ್ತಿದ್ದದ್ದು ಭೂದೃಶ್ಯದ ವರ್ಣಚಿತ್ರಗಳಲ್ಲಿ ಬೆಳಕು ಕತ್ತಲುಗಳ ಹಂಚಿಕೆಯನ್ನು ಕುರಿತು. ಛಾಯಾಗ್ರಹಣ ಜಗತ್ತಿಗೆ ಘೋಷಣೆಯಾದದ್ದೇ 1839ರಲ್ಲಿ. ಅದನ್ನು ‘ರೂಢಿ’ ಎಂದು ಕರೆದರೆ ಉಲ್ಲಂಘನೆಯ ಪ್ರಶ್ನೆಯೇ ಏಳುವುದಿಲ್ಲ, ವಸ್ತು ನಡುವೆ ಇರುವುದರಿಂದ ಈ ಚಿತ್ರಕ್ಕೆ ಏನಾಯಿತು ಎಂಬುದನ್ನು ಮಾತ್ರ ಹೇಳಬೇಕಾಗುತ್ತದೆ.

ಇನ್ನು ಕೇಳುವವರ ಕಡೆಯ ಮಾತು. ‘ತಪ್ಪಿದ್ದರೆ ತಿದ್ದಿ’ ಎಂಬುದು ನಮ್ಮಲ್ಲಿ ವಿನಯದ ರೂಢಿಮಾತು. ಛಾಯಾಚಿತ್ರದ ಮಟ್ಟಿಗೆ ಅದು ಅಪಾಯದ ಮಾತೂ ಹೌದು, ಏಕೆಂದರೆ ‘ತಿದ್ದು’ ಎಂದರೆ ತಪ್ಪು ತೋರಿಸು ಎಂದೂ ಆಗುತ್ತದೆ, ತಂತ್ರಾಂಶದಲ್ಲಿ ಚಿತ್ರವನ್ನೇ ಬದಲಿಸು ಎಂದೂ ಆಗುತ್ತದೆ. ವಿನಯಕ್ಕೆಂದು ಬರೆದವನ ಚಿತ್ರವನ್ನು ಇನ್ನೊಬ್ಬರು ಕತ್ತರಿಸಿ, ಬಣ್ಣ ಬದಲಿಸಿ ಮರಳಿ ಕಳುಹಿಸಿದರೆ ಬೇಸರವಾಗುವುದು ಸಹಜ. ಹಾಗೆ ಬದಲಿಸಿ ಕಳುಹಿಸಿದವರ ತಪ್ಪೂ ಅಲ್ಲ. ‘ನೋಡಿ ಹೇಳಿ’ ಮತ್ತು ‘ತಿದ್ದಿ ತೋರಿಸಿ’ ಎಂಬ ಎರಡನ್ನು ಬೇರೆಬೇರೆ ವಿನಂತಿಗಳಾಗಿ ಕೈಪಿಡಿಯಲ್ಲಿ ಇಡಬೇಕೆಂದಿದ್ದೇನೆ.

ನೃತ್ಯಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಕ್ರಮವೊಂದು ಇಲ್ಲಿ ಉಪಯುಕ್ತ. ಅದರಲ್ಲಿ ನೋಡಿದವರು ಮೊದಲು ತಮಗೆ ನಾಟಿದ್ದನ್ನು ಹೇಳುತ್ತಾರೆ, ಬಳಿಕ ಕಲಾವಿದರೇ ಪ್ರಶ್ನೆ ಕೇಳುತ್ತಾರೆ, ಆಮೇಲೆ ನೋಡಿದವರು ತಟಸ್ಥ ಪ್ರಶ್ನೆಗಳನ್ನು ಕೇಳುತ್ತಾರೆ, ಅಭಿಪ್ರಾಯ ಬರುವುದು ಕಡೆಗೆ, ಅದೂ ಕಲಾವಿದರ ಅನುಮತಿ ಪಡೆದು. ಕನ್ನಡದಲ್ಲಿ ತಟಸ್ಥ ಪ್ರಶ್ನೆ ಕೇಳುವುದು ತೋರುವಷ್ಟು ಸುಲಭವಲ್ಲ. ‘ಹಿನ್ನೆಲೆ ಏಕೆ ಇಷ್ಟು ಕತ್ತಲು?’ ಎಂಬುದು ಪ್ರಶ್ನೆಯ ವೇಷದ ದೂರು; ‘ಇಷ್ಟು’ ಎಂಬ ಒಂದೇ ಪದದಲ್ಲಿ ತೀರ್ಪು ಮುಗಿದಿದೆ. ‘ಹಿನ್ನೆಲೆಯ ಬೆಳಕನ್ನು ಹೇಗೆ ನಿರ್ಧರಿಸಿದಿರಿ?’ ಎಂದಾಗ ಉತ್ತರಿಸುವವರಿಗೆ ಯೋಚಿಸಲು ಜಾಗ ಉಳಿಯುತ್ತದೆ. ಚಿತ್ರ ತೋರಿಸುವವರು ಕೂಡ ‘ಹೇಗಿದೆ?’ ಎಂಬುದನ್ನು ಬಿಟ್ಟು ‘ಕಣ್ಣು ಮೊದಲು ಎಲ್ಲಿಗೆ ಹೋಯಿತು?’ ಎಂದು ಕೇಳಿದರೆ ‘ಸೂಪರ್’ ಎಂಬ ಉತ್ತರಕ್ಕೆ ಎಡೆಯೇ ಇರುವುದಿಲ್ಲ.

ಸದ್ಯಕ್ಕೆ ನನ್ನ ಒಲವು ಹೀಗಿದೆ: ನೋಡಿದವರ ಮೊದಲ ಮಾತಿಗೆ ‘ಅನಿಸಿಕೆ’, ಕಾರಣಸಹಿತವಾದ ಪೂರ್ಣ ಮಾತಿಗೆ ‘ವಿಮರ್ಶೆ’; ಟೀಕೆ, ಹಿಮ್ಮಾಹಿತಿ, ಷರಾಗಳನ್ನು ಕೈಬಿಡುವುದು. ವಿಮರ್ಶೆಯ ಭಾರ ಹೆಚ್ಚಾಯಿತು ಎನ್ನುವವರು ಪರ್ಯಾಯವನ್ನು ಒಂದು ಪೂರ್ಣ ವಾಕ್ಯದಲ್ಲಿ ಬಳಸಿ ತೋರಿಸಬೇಕೆಂದು ಕೋರುತ್ತೇನೆ, ಬರಿಯ ಪಟ್ಟಿಯಿಂದ ಉಪಯೋಗವಾಗದು. ಜೊತೆಗೆ, ಫಿಲ್ಮಿನ ಕಾಲದಲ್ಲಿ ಸ್ಟುಡಿಯೋಗಳಲ್ಲಿ ಚಿತ್ರ ತೊಳೆಯುವ ಮತ್ತು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದುವ ಕೆಲಸದಲ್ಲಿದ್ದವರು ಈ ಬಳಗದಲ್ಲಿದ್ದರೆ, ಮೂರು ಬಗೆಯ ಮಸುಕಿಗೆ ಅವರ ಬಾಯಲ್ಲಿ ಬೇರೆಬೇರೆ ಮಾತು ಓಡಾಡುತ್ತಿತ್ತೇ ಎಂಬುದನ್ನು ತಿಳಿಸಿದರೆ ‘ಸರಿದಿದೆ’ಯನ್ನು ಇಡಬೇಕೋ ಬದಲಿಸಬೇಕೋ ತೀರ್ಮಾನಿಸಬಹುದು.