ಕ್ಷುದ್ರಗ್ರಹಗಳಲ್ಲಿ ಜೀವವೇ ಇಲ್ಲದ ಮೇಲೆ ಜೀವವಿಜ್ಞಾನಿಗಳಿಗೆ ಅಲ್ಲೇನು ಕೆಲಸ?

ಪ್ರಶ್ನೆ – ಕೊತ್ರೂಡ್ ನಿವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವ ನನ್ನ ಮಗಳು ನಮ್ಮ ಕನ್ನಡ ಬಳಗದ ಸಭೆಯಲ್ಲಿ ಕ್ಷುದ್ರಗ್ರಹಗಳ ಕುರಿತು ಮಾತನಾಡಲಿದ್ದಾಳೆ. ಗಾಳಿಯಿಲ್ಲದ, ನೀರು ಹರಿಯದ ಈ ಬಂಡೆಗಳಿಗೂ ಬಾಹ್ಯಾಕಾಶದಲ್ಲಿ ಜೀವದ ಅಧ್ಯಯನಕ್ಕೂ ಏನು ಸಂಬಂಧ ಎಂದು ಕೇಳುವವರು ಖಂಡಿತ ಇರುತ್ತಾರೆ. ಜೀವವೇ ಅಲ್ಲಿಂದ ಬಂದಿತು ಎಂದುಬಿಡುವುದು ಸುಲಭ. ಅಷ್ಟು ಹೇಳಲು ಆಧಾರವಿದೆಯೇ?

ಉತ್ತರ 1 – ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಠಾಣೆ

ಇಲ್ಲ, ಅಷ್ಟು ಹೇಳಲಾಗದು. ಕ್ಷುದ್ರಗ್ರಹದಲ್ಲಿ ಹುಡುಕುವುದು ಜೀವವನ್ನಲ್ಲ. ಜೀವದ ನೆರವಿಲ್ಲದೆ ರಸಾಯನಕ್ರಿಯೆ ತಾನಾಗಿ ಎಷ್ಟು ದೂರ ಸಾಗಬಲ್ಲದು ಎಂಬುದನ್ನು. ಭೂಮಿಯಲ್ಲಿ ಇದನ್ನು ನೋಡುವುದು ಕಷ್ಟ, ಏಕೆಂದರೆ ಇಲ್ಲಿನ ಹಳೆಯ ಕಲ್ಲುಗಳು ಕರಗಿ, ಮಡಚಿ, ಮೇಲಾಗಿ ಜೀವಿಗಳ ಬಾಯಿಗೆ ಬಿದ್ದು ಗುರುತೇ ಸಿಗದಂತಾಗಿವೆ.

ಬೆನ್ನು ಎಂಬ ಕ್ಷುದ್ರಗ್ರಹದ ಮಾದರಿಯನ್ನೇ ನೋಡಿ. ನಾಸಾದ ಒಸಿರಿಸ್-ರೆಕ್ಸ್ ನೌಕೆ 2023ರ ಸೆಪ್ಟೆಂಬರಿನಲ್ಲಿ ಅಲ್ಲಿಂದ 121.6 ಗ್ರಾಂ ಕಲ್ಲು-ದೂಳನ್ನು ಭೂಮಿಗೆ ತಲುಪಿಸಿತು. ನಮ್ಮ ಪ್ರೋಟೀನುಗಳಲ್ಲಿ ಬಳಕೆಯಾಗುವ 20 ಅಮೈನೋ ಆಮ್ಲಗಳ ಪೈಕಿ 14, ಜೊತೆಗೆ ಡಿಎನ್‌ಎ ಮತ್ತು ಆರ್‌ಎನ್‌ಎಗಳ ಅಕ್ಷರಗಳಂತಿರುವ ಐದೂ ಪ್ರತ್ಯಾಮ್ಲಗಳು ಅದರಲ್ಲಿ ಇವೆಯೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೆಯೇ ಒಂದು ಸಂಗತಿ. ಅಮೈನೋ ಆಮ್ಲಗಳಿಗೆ ನಮ್ಮ ಎರಡು ಕೈಗಳಂತೆ ಎಡ ಮತ್ತು ಬಲ ರೂಪಗಳಿವೆ. ಭೂಮಿಯ ಜೀವಿಗಳು ತಮ್ಮ ಪ್ರೋಟೀನುಗಳಿಗೆ ಎಡ ರೂಪವನ್ನೇ ಬಳಸುತ್ತವೆ. ಬೆನ್ನುವಿನಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿವೆ. ಅಂದರೆ ಅವು ಜೀವಿಗಳ ಕೈವಾಡವಲ್ಲ. 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್ ಉಲ್ಕಾಶಿಲೆಯಲ್ಲಿ ಕೆಲವು ಅಮೈನೋ ಆಮ್ಲಗಳ ಎಡ ರೂಪ ತುಸು ಹೆಚ್ಚಿದ್ದುದರಿಂದ ಈ ಒಲವು ಆಕಾಶದಿಂದಲೇ ಬಂದಿರಬಹುದೆಂದು ಅನೇಕರು ನಂಬಿದ್ದರು. ಆ ನಂಬಿಕೆಗೆ ಈಗ ಪೆಟ್ಟು ಬಿದ್ದಿದೆ.

ಉತ್ತರ 2 – ಅಂಧೇರಿ ಓದುಗಿ, ಮುಂಬಯಿ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಬಾಹ್ಯಾಕಾಶದಲ್ಲಿ ಜೀವಿ ಬದುಕಬಲ್ಲದೇ ಎಂಬ ಪ್ರಶ್ನೆ ಬಿಟ್ಟುಹೋಗಿದೆ. ಜಪಾನಿನ ತಾನ್ಪೊಪೊ ಪ್ರಯೋಗದಲ್ಲಿ ಡೈನೋಕಾಕಸ್ ಬ್ಯಾಕ್ಟೀರಿಯಾಗಳನ್ನು ಒಣಗಿಸಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಮೈಯಲ್ಲಿ ಮೂರು ವರ್ಷ ಇಟ್ಟಿದ್ದರು. ಅರ್ಧ ಮಿಲಿಮೀಟರು ದಪ್ಪದ ಮುದ್ದೆಗಳಲ್ಲಿ ಹೊರಪದರದ ಕೋಶಗಳು ನೇರಳಾತೀತ ಕಿರಣಕ್ಕೆ ಸತ್ತು ಒಳಗಿನವುಗಳಿಗೆ ಮರೆಯಾದವು, ಒಳಗಿನವು ಉಳಿದವು. ಕಲ್ಲಿನ ಬಿರುಕಿನೊಳಗೂ ಅಂಥ ಮರೆ ಸಿಗಬಹುದು. ಆದರೂ ಬದುಕುಳಿಯಬಲ್ಲದು ಎನ್ನುವುದೇ ಬೇರೆ, ಬಂದಿತ್ತು ಎನ್ನುವುದೇ ಬೇರೆ.

ಇನ್ನೊಂದು ಎಚ್ಚರಿಕೆ: ರ್‍ಯುಗು ಕ್ಷುದ್ರಗ್ರಹದಿಂದ ತಂದ ಕಣವೊಂದರ ಮೇಲೆ ಎಳೆಯಾಕಾರದ ಸೂಕ್ಷ್ಮಜೀವಿಗಳು ಬೆಳೆದದ್ದನ್ನು ಬ್ರಿಟನ್ನಿನ ವಿಜ್ಞಾನಿಗಳು 2024ರಲ್ಲಿ ವರದಿ ಮಾಡಿದರು. ಕಣ ಭೂಮಿಗೆ ಬಂದ ಮೇಲೆ ಅವು ಅದಕ್ಕೆ ಹತ್ತಿಕೊಂಡವೇ ಹೊರತು ರ್‍ಯುಗುವಿನವಲ್ಲ ಎಂಬುದು ಅವರದೇ ತೀರ್ಮಾನ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಮ್ಮ ಪ್ರಾಂತ್ಯದ ಉದಾಹರಣೆ ಏನಾದರೂ ಕೊಡಬಹುದೇ?

ಉತ್ತರ 3 – ಶಿವಾಜಿನಗರ, ಪುಣೆ

ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ ಇದೆಯಲ್ಲ! ಬಾಹ್ಯಾಕಾಶದಿಂದ ಬಂದ ಕಾಯವೊಂದು ಬಸಾಲ್ಟ್ ಬಂಡೆಯ ಮೇಲೆ ಅಪ್ಪಳಿಸಿ ಆದ ಸುಮಾರು 1.8 ಕಿಲೋಮೀಟರು ಅಗಲದ ಕುಳಿ ಅದು; ಒಳಗಿರುವುದು ಸೋಡಾ ತುಂಬಿದ ಸವುಳು ನೀರು. 2020ರ ಜೂನಿನಲ್ಲಿ ಆ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಪರೀಕ್ಷಿಸಿದವರಲ್ಲಿ ನಮ್ಮ ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಮಳೆ ಕಡಿಮೆಯಾಗಿ ನೀರು ಆರಿ ಉಪ್ಪು ಗಾಢವಾದಾಗ ಹೆಚ್ಚಿದ, ಉಪ್ಪನ್ನೇ ನೆಚ್ಚಿ ಬದುಕುವ ಹ್ಯಾಲೋಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಆ ಬಣ್ಣಕ್ಕೆ ಕಾರಣ.

ಬೆನ್ನುವಿನ ಕಲ್ಲಿನಲ್ಲೂ ಟ್ರೋನಾ ಎಂಬ ಸೋಡಿಯಂ ಕಾರ್ಬೊನೇಟ್ ಲವಣ ಸಿಕ್ಕಿದೆ. ಬೆನ್ನು ಯಾವುದರಿಂದ ಒಡೆದು ಬಂತೋ ಆ ಮಾತೃಕಾಯದೊಳಗೆ ಒಂದು ಕಾಲಕ್ಕೆ ಉಪ್ಪುನೀರಿದ್ದು ಕ್ರಮೇಣ ಬತ್ತಿತೆಂಬುದಕ್ಕೆ ಅದೇ ಸಾಕ್ಷಿ. ಅಲ್ಲಿ ಸವುಳು ನೀರಿತ್ತು, ಜೀವದ ಸಾಮಗ್ರಿಯೂ ಇತ್ತು, ಆದರೂ ಜೀವ ಮೂಡಿದ ಕುರುಹಿಲ್ಲ. ಲೋಣಾರಿನಲ್ಲಿ ಅಂಥದೇ ನೀರಿನ ತುಂಬ ಜೀವಿಗಳು. ನಿಮ್ಮ ಮಗಳು ಈ ವ್ಯತ್ಯಾಸವನ್ನೇ ಮಾತಿನ ನಡುಮಧ್ಯೆ ಇಡಲಿ. ಲೋಣಾರಿನ ಜೀವಿಗಳು ಬಿದ್ದ ಕಲ್ಲಿನೊಂದಿಗೆ ಇಳಿದವೆಂದು ಮಾತ್ರ ಯಾರೂ ತಿಳಿಯದಂತೆ ನೋಡಿಕೊಳ್ಳಲಿ. ಆ ಕಲ್ಲು ತೋಡಿಕೊಟ್ಟದ್ದು ಕುಳಿಯನ್ನಷ್ಟೇ. ಅದರಲ್ಲಿ ನೆಲೆನಿಂತ ಜೀವಿಗಳು ಇಲ್ಲಿಯವೇ.