ದೊಡ್ಡಮ್ಮನ ಚಿಲ್ಲರೆ ಡಬ್ಬಿ

ದೊಡ್ಡಮ್ಮ, ನಿಮ್ಮ ಮೆಸೇಜ್ ಈಗ ನೋಡಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅದಕ್ಕೇ ತಡವಾಯ್ತು. ಡಬ್ಬಿಯಲ್ಲಿ 2,400 ರೂಪಾಯಿ ಚಿಲ್ಲರೆ ಇದೆ, ಮಂಡ್ಯ ಪೇಟೆಯಲ್ಲಿ ಒಬ್ಬ ನೂರಕ್ಕೆ ತೊಂಬತ್ತು ಕೊಡುತ್ತಾನಂತೆ, ಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಸುಮ್ನೆ 240 ರೂಪಾಯಿ ಹೋಗುತ್ತೆ. ಹಾಲು, ಸೊಪ್ಪಿನ ದುಡ್ಡಲ್ಲಿ ಉಳಿಸಿ ಉಳಿಸಿ ಹಾಕಿದ್ದಲ್ವಾ ಅದು?

ಒಂದು, ಎರಡು, ಐದರ ನಾಣ್ಯ ಎಷ್ಟಿದ್ದರೂ ನನಗೇ ಕೊಡಿ. ಬೆಳಿಗ್ಗೆ ಹಾಲಿನ ಹೊತ್ತಿಗೆ ನಾನೇ ಚಿಲ್ಲರೆಗೆ ಪರದಾಡುತ್ತೇನೆ. ನೂರಕ್ಕೆ ನೂರು ನೋಟು ಕೊಡುತ್ತೇನೆ.

ಹತ್ತರ ನಾಣ್ಯ ಮಾತ್ರ ನಮ್ಮ ಗಿರಾಕಿಗಳು ಇನ್ನೂ ಬೇಡ ಅಂತಾರೆ. ರೂಪಾಯಿ ಚಿಹ್ನೆ ಇಲ್ಲ, ಗೆರೆ ಹತ್ತಿಲ್ಲ ಹದಿನೈದಿದೆ ಅಂತ ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಡುತ್ತಾರೆ. ಹದಿನಾಲ್ಕು ನಮೂನೆ ಬಂದಿವೆ, ಎಲ್ಲವೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಅವನ್ನು ನಿಮ್ಮ ಖಾತೆಗೆ ಕಟ್ಟಿಬಿಡಿ. ಗಿರಾಕಿ ಎಷ್ಟು ನಾಣ್ಯ ತಂದರೂ ಬ್ಯಾಂಕಿನವರು ತಗೊಳ್ಳಬಹುದು, ಅದಕ್ಕೆ ಮಿತಿ ಇಲ್ಲ. ಆದರೆ ಜಾಸ್ತಿ ನಾಣ್ಯ ಕಟ್ಟಿದರೆ ಕೆಲವು ಬ್ಯಾಂಕುಗಳು ಎಣಿಕೆಗೆ ಅಂತ ಶುಲ್ಕ ಹಿಡಿಯುತ್ತವೆ. ದಿನಕ್ಕೆ ಎಷ್ಟರವರೆಗೆ ಶುಲ್ಕ ಇಲ್ಲ ಅಂತ ಮೊದಲೇ ಕೇಳಿಕೊಂಡು ಅಷ್ಟಷ್ಟೇ ತಗೊಂಡು ಹೋಗಿ.

ಎಣಿಸದೆ ಮಾತ್ರ ಹೋಗಬೇಡಿ. ಹೋದ ದೀಪಾವಳಿ ಆದಮೇಲೆ ನಾನು ಒಂದು ಚೀಲ ಚಿಲ್ಲರೆ ಹೊತ್ತುಕೊಂಡು ಹೋಗಿದ್ದೆ. ಕೌಂಟರಿನವರು ನನ್ನ ಮುಖ ಕೂಡ ನೋಡಲಿಲ್ಲ, ತಿಂಗಳ ಕೊನೆಗೆ ಬನ್ನಿ ಅಂದರು. ತುಂಬಾ ಬೇಜಾರಾಯ್ತು. ರಾತ್ರಿ ಕೂತು ನೂರು ನೂರು ಎಣಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ ಮಾರನೇ ದಿನ ಮತ್ತೆ ಹೋದೆ. ಹತ್ತೇ ನಿಮಿಷದಲ್ಲಿ ಕೆಲಸ ಆಯ್ತು.

ತೂಕ ಹಾಕಿ ಲೆಕ್ಕ ಹಿಡಿಯೋಣ ಅಂತಲೂ ಅಂಗಡಿ ತಕ್ಕಡಿಯಲ್ಲಿ ನೋಡಿದ್ದೆ. ಆಗಲಿಲ್ಲ. 2011ರಿಂದ ಬಂದ ಒಂದು ರೂಪಾಯಿ 3.79 ಗ್ರಾಂ, ತೊಂಬತ್ತರ ದಶಕದ್ದು 4.85 ಗ್ರಾಂ. ಎರಡೂ ಬೆರೆತರೆ ತೂಕ ಎಲ್ಲಿ ಸರಿಬರುತ್ತೆ? ಪೇಟೆಯವನು ಏನಾದರೂ ತೂಗಿ ತಗೊಳ್ಳುತ್ತೇನೆ ಅಂದಿದ್ದರೆ ಅಲ್ಲೂ ನಿಮಗೇ ನಷ್ಟ. ಎಂಟಾಣೆ ಸಿಕ್ಕಿದರೆ ಬಿಸಾಡಬೇಡಿ, ಅದು ಇನ್ನೂ ನಡೆಯುತ್ತೆ. ನಾಲ್ಕಾಣೆ 2011ರ ಜೂನ್ 30ಕ್ಕೇ ನಿಂತುಹೋಯ್ತು, ಮಕ್ಕಳಿಗೆ ತೋರಿಸೋಕೆ ಇಟ್ಟುಕೊಳ್ಳಿ.

ಭಾನುವಾರ ಮಧ್ಯಾಹ್ನ ಮಂಡ್ಯಕ್ಕೆ ಬರುತ್ತೇನೆ, ಇಬ್ಬರೂ ಕೂತು ಎಣಿಸೋಣ. ಅಷ್ಟರೊಳಗೆ ಡಬ್ಬಿಯ ತಳದಲ್ಲಿ ಕೈ ಹಾಕಿ ನೋಡಿ ದೊಡ್ಡಮ್ಮ. ನನಗೆ ಜ್ವರ ಬಂದಾಗ ಹಳದಿ ಬಟ್ಟೆಯಲ್ಲಿ ಚಾಮುಂಡಿಗೆ ಅಂತ ಮುಡಿಪು ಕಟ್ಟಿಟ್ಟಿದ್ದಿರಿ, ಅದೂ ಅದರಲ್ಲೇ ಇರಬೇಕು. ಅದನ್ನು ಬಿಚ್ಚಬೇಡಿ, ಈ ಲೆಕ್ಕಕ್ಕೂ ಸೇರಿಸಬೇಡಿ. ವಾಪಸ್ ಬರುವಾಗ ನಿಮ್ಮನ್ನೂ ಮೈಸೂರಿಗೆ ಕರೆದುಕೊಂಡು ಬರುತ್ತೇನೆ, ಬೆಟ್ಟಕ್ಕೆ ಹೋಗಿ ಹಾಕಿ ಬರೋಣ.